ಏಕಾಂತ ವೈನ್ಸಿನ ಹೆಲ್ಮೆಟ್ ಗಿರಾಕಿ

"ಹೆಲ್ಮೆಟ್ ತೆಗೀರಿ."

ಕಬ್ಬಿಣದ ಜಾಲರಿಯ ಆಚೆ ನಿಂತಿದ್ದವನು ತೆಗೆಯಲಿಲ್ಲ. ಮುಖದ ಮೇಲಿನ ಗಾಜನ್ನು ಎರಡು ಬೆರಳಷ್ಟು ಎತ್ತಿ, "ಬಿಯರ್..." ಎಂದು ಪಿಸುಗುಟ್ಟಿದ.

ಲತಾಗೆ ಸಿಟ್ಟು ನೆತ್ತಿಗೇರಿತು.

ಹರಿಹರದ ಏಕಾಂತ ವೈನ್ಸಿನ ಗಲ್ಲಾದಲ್ಲಿ ಅವಳು ಕೂರಲು ಶುರುಮಾಡಿ ಎರಡು ವರ್ಷವಾಗಿತ್ತು. ಕೊಕ್ಕನೂರಿನ ಏಕಾಂತಪ್ಪ ತನ್ನ ಹೆಸರನ್ನೇ ಇಟ್ಟು ತೆರೆದ ಅಂಗಡಿ ಅದು. ಅವನು ತೀರಿಕೊಂಡ ಮೇಲೆ ಒಬ್ಬಳೇ ಮಗಳು ನಡೆಸುತ್ತಿದ್ದಳು. ಹೆಣ್ಣುಮಗಳು ಬ್ರಾಂದಿ ಮಾರುವುದೇ ಎಂದು ಊರು ಮೂಗು ಮುರಿಯಿತು. ಮುರಿದ ಮೂಗುಗಳೇ ಸಂಜೆಯಾದರೆ ಜಾಲರಿಯ ಮುಂದೆ ಸಾಲು ನಿಲ್ಲುತ್ತಿದ್ದವು.

ಇಂಥ ಹೆಲ್ಮೆಟ್ಟುಗಳನ್ನು ಅವಳು ದಿನಕ್ಕೆ ಹತ್ತು ನೋಡುತ್ತಿದ್ದಳು. ದಾವಣಗೆರೆಯಲ್ಲಿ ಕೊಂಡರೆ ನೆಂಟರ ಕಣ್ಣಿಗೆ ಬೀಳುತ್ತೇವೆಂದು ಹದಿನಾಲ್ಕು ಕಿಲೋಮೀಟರ್ ಬಂದು ಹರಿಹರದಲ್ಲಿ ಕೊಳ್ಳುವ ಮಾನವಂತರು. ಹರಿಹರದ ಮಾನವಂತರು ದಾವಣಗೆರೆಗೆ ಹೋಗುತ್ತಾರೆ. ನಡುದಾರಿಯಲ್ಲಿ ಇಬ್ಬರೂ ಎದುರಾಗುತ್ತಾರೆ. ಹೆಲ್ಮೆಟ್ ಇರುವುದರಿಂದ ಗುರುತು ಸಿಗುವುದಿಲ್ಲ, ಅಷ್ಟೆ.

"ಯಾವ ಬಿಯರ್?"

"ಒಳ್ಳೇದು ಯಾವುದಾದ್ರೂ..."

"ಯಾವುದಾದ್ರೂ ಅಂತ ಹೆಸರಿಂದು ನಮ್ಮಲ್ಲಿ ಇಲ್ಲ. ಯಾರಿಗೆ?"

"ಮನೆಗೆ ಅತಿಥಿ ಬಂದಾರೆ. ಕೊಯಮತ್ತೂರಿನೋರು. ನಮ್ಮ ಅಕ್ಕಿ ಮಿಲ್ಲಿನ ಮಷೀನ್ ರಿಪೇರಿ ಮಾಡಾಕೆ. ಊಟಕ್ಕೆ ಮುಂಚೆ ಬಿಯರ್ ಬೇಕಂತೆ. ನಮ್ಮ ಮನ್ಯಾಗೆ ಯಾರಿಗೂ ಇದ್ರ ಬಗ್ಗೆ ಗೊತ್ತಿಲ್ಲ."

"ಊಟಕ್ಕೇನು ಮಾಡೀರಿ?"

"ಅದ್ಯಾಕೆ?"

"ಕೇಳಿದ್ದಕ್ಕೆ ಹೇಳ್ರಿ."

"ರೊಟ್ಟಿ, ಎಣಗಾಯಿ. ಅದಕ್ಕೂ ಮೊದ್ಲು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ."

"ಹಂಗಾದ್ರೆ ಸ್ಟ್ರಾಂಗ್ ಬ್ಯಾಡ. ಉರಿಯೋ ಬಾಯಿಗೆ ಇನ್ನೊಂದು ಉರಿ. ಮೈಲ್ಡ್ ಒಯ್ರಿ. ಮೊದ್ಲೇ ಲೋಟದಾಗೆ ಸುರಿದು ಮುಚ್ಚಿಡಬ್ಯಾಡ್ರಿ, ನೊರೆ ಸತ್ತು ಹೋಗ್ತೈತೆ. ಅವರ ಎದುರಿಗೇ ಮುಚ್ಚಳ ತೆಗೀರಿ. ಕುಡಿಯೋನಿಗೂ ಒಂದು ಮರ್ಯಾದೆ ಇರ್ತೈತೆ."

ಅವನು ಹೆಲ್ಮೆಟ್ ತೆಗೆದ. ಮೂವತ್ತೈದರ ಆಸುಪಾಸಿನ ಮುಖ. ಬೆವರಿಗೆ ಅಂಟಿದ ಕೂದಲು. ಕಿವಿಯ ಹಿಂದೆ ಅಕ್ಕಿ ತೌಡಿನ ಪುಡಿ.

"ನಾನು ಶಿವಕುಮಾರ. ದಾವಣಗೆರೆ, ಎಸ್.ಎಸ್. ಬಡಾವಣೆ."

"ಹೆಸರು ಕೇಳ್ಲಿಲ್ಲ ನಾನು. ಚಿಲ್ಲರೆ ಕೊಡ್ರಿ."

ಅವನು ಎರಡು ಬಾಟಲಿಗಳನ್ನು ಹಾವು ಹಿಡಿದಂತೆ ಹಿಡಿದುಕೊಂಡು ಸ್ಕೂಟರ್ ಕಡೆಗೆ ನಡೆದ. ಲತಾ ಅವನ ಬೆನ್ನನ್ನೇ ನೋಡಿದಳು. ಈ ಜಾಲರಿಯ ಮುಂದೆ ನಿಂತವರು ಬಾಟಲಿಯನ್ನು ಆಸೆಯಿಂದ, ಅವಳನ್ನು ಅಸಹ್ಯದಿಂದ ನೋಡುವುದು ರೂಢಿ. ಇವನದು ತಿರುಗುಮುರುಗಾಗಿತ್ತು.

'ಇರಲಿ... ಹೆಲ್ಮೆಟ್ ಹೆಲ್ಮೆಟ್ಟೇ,' ಎಂದುಕೊಂಡಳು.

ಮುಂದಿನ ಶನಿವಾರ ಅದೇ ಸ್ಕೂಟರ್ ಬಂತು.

"ಅತಿಥಿ ಬಂದಾರೆ. ಒಂದು ಮೈಲ್ಡ್."

ಅದರ ಮುಂದಿನ ಶನಿವಾರವೂ ಅತಿಥಿ ಬಂದರು. ಬೇಸಿಗೆ ಮುಗಿದು ಮಳೆ ಬಂತು, ಅತಿಥಿ ಬರುವುದು ನಿಲ್ಲಲಿಲ್ಲ. ಪ್ರತಿ ವಾರ ಒಂದೇ ಬಾಟಲಿ.

ಅಂಗಡಿಯಲ್ಲಿ ಅಪ್ಪನ ಕಾಲದಿಂದ ಕ್ರೇಟ್ ಎತ್ತುತ್ತಿದ್ದ ತಿಪ್ಪೇಶ್ ನಗುತ್ತಿದ್ದ. "ಲತವ್ವ, ಸಾವ್ಕಾರ್ರ ಅತಿಥಿ ಬಂದಾನೆ ನೋಡು. ಹೊಟ್ಟೆಯೊಳಗೇ ಮನೆ ಮಾಡ್ಯಾನೆ."

ಲತಾ ನಗಲಿಲ್ಲ. ಅವಳಿಗೆ ಹೇಸಿಗೆಯಾಗುತ್ತಿತ್ತು. ಕುಡಿ, ಯಾರು ಬೇಡ ಅಂದರು? ಆದರೆ ಇಲ್ಲದ ಅತಿಥಿಯ ಹೆಸರಲ್ಲಿ ಕುಡಿಯುವ ಗಂಡಸು ಎಂಥ ಗಂಡಸು?

ಅವನು ಬಾಟಲಿ ತೆಗೆದುಕೊಂಡು ಒಡನೆ ಹೋಗುತ್ತಲೂ ಇರಲಿಲ್ಲ. ಏನಾದರೂ ಕೇಳುತ್ತಿದ್ದ. ಬಾರ್ಲಿ ಅಂದರೆ ಜವೆಗೋದಿಯೇ? ನೊರೆ ಯಾಕೆ ಬರುತ್ತದೆ? ನಿಮ್ಮ ತಂದೆಯವರು ಕುಡಿಯುತ್ತಿದ್ದರೇ? ಕೊನೆಯ ಪ್ರಶ್ನೆಗೆ ಅವಳು ಉತ್ತರ ಕೊಟ್ಟುಬಿಟ್ಟಿದ್ದಳು.

"ಒಂದು ಹನಿ ಮುಟ್ಟಿದೋರಲ್ಲ. ಕುಡಿದು ಬಿದ್ದೋರನ್ನ ಆಟೋ ಹತ್ತಿಸಿ ಮನೆಗೆ ಕಳಿಸ್ತಿದ್ರು. ಸತ್ತಾಗ ಮಣ್ಣಿಗೆ ಅವರಲ್ಲಿ ಒಬ್ಬನೂ ಬರಲಿಲ್ಲ."

ಶಿವಕುಮಾರ ಛೇ ಪಾಪ ಎನ್ನಲಿಲ್ಲ. ಹೆಲ್ಮೆಟ್ಟನ್ನು ಎದೆಗೆ ಒತ್ತಿಕೊಂಡು ಅಲ್ಲೇ ನಿಂತಿದ್ದ. ಅವಳಿಗೆ ಅಂದು ಲೆಕ್ಕ ಎರಡು ಸಲ ತಪ್ಪಿತು.

ತಪ್ಪಿದ್ದಕ್ಕೆ ತನ್ನನ್ನೇ ಬೈದುಕೊಂಡಳು. ಅವಳಿಗೆ ಮೂವತ್ತೆರಡು. ಮೂರು ಗಂಡು ಬಂದು ಹೋಗಿದ್ದವು. ಅದರಲ್ಲಿ ಒಬ್ಬನ ಅಪ್ಪ, "ಬ್ರಾಂದಿ ಅಂಗಡಿ ಹುಡುಗಿ ನಮ್ಮ ಮನೆತನಕ್ಕೆ ಹೊಂದಲ್ಲ" ಎಂದಿದ್ದ. ಮರುದಿನ ಅದೇ ಮನೆತನ ತಲೆಗೆ ಟವೆಲ್ ಸುತ್ತಿಕೊಂಡು ಬಂದು ಕ್ವಾರ್ಟರ್ ಕೇಳಿತ್ತು. ಕೊಟ್ಟಿದ್ದಳು. ವ್ಯಾಪಾರ ವ್ಯಾಪಾರವೇ.

ಶ್ರಾವಣದ ಒಂದು ಶನಿವಾರ ಶಿವಕುಮಾರ ಪುಟ್ಟ ಚೀಲವೊಂದನ್ನು ಜಾಲರಿಯ ಕೆಳಗೆ ತಳ್ಳಿದ.

"ಏನಿದು?"

"ಅಕ್ಕಿ. ಎರಡು ವರ್ಷ ಹಳೇದು. ಬಂದ ಅತಿಥಿಗೆ ಹೊಸಕ್ಕಿ ಅನ್ನ ಹಾಕಬಾರ್ದು ಅಂತಿದ್ರು ನಮ್ಮಪ್ಪ. ಹಳೇದಾದಷ್ಟೂ ಮರ್ಯಾದೆ."

"ನಾನೇನು ನಿಮ್ಮ ಅತಿಥಿನಾ?"

ಅವನು ಬಾಟಲಿ ತೆಗೆದುಕೊಂಡು ಹೊರಟುಹೋದ.

ಮರುದಿನ ಅವಳು ಆ ಅಕ್ಕಿಯಲ್ಲಿ ಅನ್ನ ಮಾಡಿದಳು. ಅಗುಳಿಗೆ ಅಗುಳು ಅಂಟಿರಲಿಲ್ಲ. 'ಕುಡುಕನ ಅಕ್ಕಿ,' ಎಂದು ಬೈಯುತ್ತಲೇ ಎರಡು ಸಲ ಬಡಿಸಿಕೊಂಡಳು.

ದೀಪಾವಳಿಗೆ ಹತ್ತು ದಿನವಿರುವಾಗ ಅವನು ಬಂದ. ಮುಖ ಬಾಡಿತ್ತು.

"ಅತಿಥಿ ಬಂದಾರೆ," ಎಂದು ಅವಳೇ ಅಣಕಿಸಿದಳು.

"ನಾಳೆ ಬರ್ತಾರೆ. ರುದ್ರಮುನಿ ಅಂತ, ಚಿತ್ರದುರ್ಗದೋರು. ಬಿಯರ್ ಕುಡೀತಾರಂತೆ." ಸ್ವಲ್ಪ ತಡೆದು ಹೇಳಿದ. "ಹುಡುಗಿಯ ಸೋದರಮಾವ. ರಶ್ಮಿತಾ ಅಂತ ಹುಡುಗಿ. ಅವ್ವಗೆ ಭಾಳ ಇಷ್ಟ ಆಗೈತೆ. ಮಾವ ಮನೆ ನೋಡಿ ಹ್ಞೂಂ ಅಂದ್ರೆ... ಮುಗೀತು."

ಲತಾಗೆ ಎದೆಯೊಳಗೆ ಏನೋ ಜಾರಿ ಬಿದ್ದಂತಾಯಿತು. ಯಾಕೆ? ಈ ಸುಳ್ಳುಗಾರನಿಗಾಗಿಯೇ? ಈ ಹೆಲ್ಮೆಟ್ಟಿಗಾಗಿಯೇ?

"ನೀವೇ ಆರಿಸಿ ಕೊಡ್ರಿ," ಎಂದ. "ಯಾವುದು ಕೊಟ್ಟರೆ ಸರಿ?"

ಅವಳು ಫ್ರಿಜ್ಜಿನ ಬಾಗಿಲು ತೆರೆದು ಅವನಿಗೆ ಬೆನ್ನು ಹಾಕಿ ನಿಂತಳು. ಕೈ ಮೊದಲು ಸ್ಟ್ರಾಂಗ್ ಕಡೆ ಹೋಯಿತು. ಎರಡು ಕುಡಿದು ಆ ಮಾವ ಸೋಫಾದ ಮೇಲೆ ಉರುಳಲಿ, ಬಾಯಿಗೆ ಬಂದದ್ದು ಒದರಲಿ, ಸಂಬಂಧ ಮುರಿದು ಬೀಳಲಿ...

ಆ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಅಪ್ಪ ಯಾರಿಗೂ ಕೆಟ್ಟ ಮಾಲು ಕೊಟ್ಟವನಲ್ಲ. ಅಂಗಡಿಯಲ್ಲಿದ್ದುದರಲ್ಲೇ ಒಳ್ಳೆಯದನ್ನು, ಆ ತಿಂಗಳೇ ತಯಾರಾದದ್ದನ್ನು, ತಾರೀಕು ನೋಡಿ ಎರಡು ತೆಗೆದಳು. ಪೇಪರ್ ಸುತ್ತಿದಳು.

"ತಣ್ಣಗಿಡ್ರಿ. ಎದುರಿಗೆ ತೆಗೀರಿ."

"ಬೇರೆ ಏನೂ ಹೇಳಲ್ವಾ?"

"ಒಳ್ಳೇದಾಗ್ಲಿ."

ಅವನು ಹೆಲ್ಮೆಟ್ ಹಾಕಿಕೊಂಡ. ಗಾಜು ಇಳಿಸಿಕೊಂಡ. ಅಷ್ಟು ದಿನದಲ್ಲಿ ಮೊದಲ ಸಲ, ಚಿಲ್ಲರೆ ತೆಗೆದುಕೊಳ್ಳುವುದನ್ನು ಮರೆತು ಹೋದ.

ಸೋಮವಾರ ಬೆಳಿಗ್ಗೆ ಅಂಗಡಿಯ ಮುಂದೆ ಬಿಳಿ ಕಾರು ನಿಂತಿತು. ಇಳಿದವನು ದಪ್ಪ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಅರ್ಧ ಖಾಲಿಯಾದ ಬಾಟಲಿ. ಹಿಂದೆ ಶಿವಕುಮಾರ, ತಲೆ ತಗ್ಗಿಸಿ. ಕೊಳ್ಳಲು ಬರುವಾಗ ಹೆಲ್ಮೆಟ್ ಬೇಕು. ಜಗಳಕ್ಕೆ ಬರುವಾಗ ಮಾನವಂತರಿಗೆ ಬರೀ ಮುಖ ಸಾಕು.

"ಯಾರಮ್ಮ ಇದರ ಮಾಲಕಿ? ಕೊಳೆತ ಮಾಲು ಮಾರ್ತೀಯಾ? ಒಂದು ಲೋಟಕ್ಕೆ ನನ್ನ ಹೊಟ್ಟೆ ತಿರುಗಿ ಹೋಗೈತೆ. ನಿನ್ನ ಲೈಸೆನ್ಸ್ ರದ್ದು ಮಾಡಿಸ್ತೀನಿ."

ರಸ್ತೆಯ ಜನ ನಿಂತರು. ತಿಪ್ಪೇಶ್ ಕ್ರೇಟ್ ಕೆಳಗಿಟ್ಟ. ಲೈಸೆನ್ಸ್ ಹೋದರೆ ಅಪ್ಪನ ಹೆಸರೇ ಹೋಯಿತು. ಆದರೂ ಲತಾ ಕೈ ಚಾಚಿದಳು.

"ಬಾಟಲಿ ಕೊಡ್ರಿ ಇಲ್ಲಿ."

ತಿರುಗಿಸಿ ತಾರೀಕು ಓದಿದಳು. ಮತ್ತೊಮ್ಮೆ ಓದಿದಳು.

"ಫೆಬ್ರವರಿ ಮಾಲು. ಆರು ತಿಂಗಳೊಳಗೆ ಕುಡೀಬೇಕು ಅಂತ ಇಲ್ಲೇ ಬರ್ದೈತೆ. ಇದು ನಾನು ಶನಿವಾರ ಕೊಟ್ಟಿದ್ದಲ್ಲ." ಅವಳು ಶಿವಕುಮಾರನ ಕಡೆ ನೋಡಿದಳು. "ಶನಿವಾರದ್ದು ಎಲ್ಲಿ?"

"ಮನ್ಯಾಗೇ ಐತೆ. ಮಾವನವರು ದೊಡ್ಡೋರು, ಹೊಸದು ಕೊಟ್ಟರೆ ಸರಿ ಹೋಗಲ್ಲ ಅಂತ... ಎಲ್ಲಕ್ಕಿಂತ ಹಳೇದು ತೆಗೆದುಕೊಟ್ಟೆ."

"ಅಯ್ಯೋ ಶಿವನೇ," ತಿಪ್ಪೇಶ್ ತಲೆ ಚಚ್ಚಿಕೊಂಡ. "ಇದೇನು ಸೋನಾ ಮಸೂರಿಯಾ ಸಾವ್ಕಾರ್ರೇ, ಇಟ್ಟು ಇಟ್ಟು ಹಳೇದು ಮಾಡಾಕೆ?"

ಜನ ನಕ್ಕರು. ಲತಾ ನಗಲಿಲ್ಲ. ಅವಳ ಕಿವಿಗೆ ಬೇರೊಂದು ಮಾತು ಬಿದ್ದಿತ್ತು.

"ಎಲ್ಲಕ್ಕಿಂತ ಹಳೇದು ಅಂದ್ರೆ? ಎಷ್ಟು ಅದಾವೆ?"

"ಮೂವತ್ತೊಂದು. ಮಿಲ್ಲಿನಾಗೆ, ಹಳೇ ಅಕ್ಕಿ ಮೂಟೆ ಹಿಂದೆ."

"ಕುಡಿದಿದ್ದು?"

"ಮೊದಲನೇ ದಿನದ ಎರಡು ಆ ಕೊಯಮತ್ತೂರಿನೋರು ಕುಡಿದ್ರು. ಆಮೇಲೆ ಯಾರೂ ಬರಲಿಲ್ಲ." ಅವನ ದನಿ ಸಣ್ಣದಾಯಿತು. "ನಾನು ಕುಡಿಯಲ್ಲ."

"ಕುಡಿಯದ ಮೇಲೆ ವಾರ ವಾರ ಬಂದು ಒಯ್ದಿದ್ದು ಯಾಕೆ?"

"ಏನೂ ಕೊಳ್ಳದೆ ಬಂದು ನಿಂತ್ರೆ... ನೀವು ಬೈತಿದ್ರಿ."

ರುದ್ರಮುನಿಗೂ ಅರ್ಥವಾಯಿತು. ಅವನು ಅವಳನ್ನು ಮೇಲಿಂದ ಕೆಳಗೆ ನೋಡಿ ಉಗುಳಿದ. "ಥೂ. ಬ್ರಾಂದಿ ಅಂಗಡಿಯವಳಿಗೋಸ್ಕರ? ನಮ್ಮ ಹುಡುಗಿ ಬಚಾವಾದ್ಲು."

"ಹೌದು ಮಾವ," ಎಂದ ಶಿವಕುಮಾರ. ತಲೆ ಎತ್ತಿದ್ದ. "ಅವಳು ಬಚಾವಾದ್ಲು. ನೀವು ಕುಡಿದಿದ್ದು ನನ್ನ ದಡ್ಡತನ. ಈ ಅಂಗಡಿ ಮೇಲೆ ಒಂದು ಮಾತೂ ಆಡಬ್ಯಾಡ್ರಿ. ದೂರು ಕೊಡೋದಿದ್ರೆ ನನ್ನ ಮೇಲೆ ಕೊಡ್ರಿ."

ಕಾರು ಧೂಳೆಬ್ಬಿಸಿ ಹೋಯಿತು. ಶಿವಕುಮಾರ ಜಾಲರಿಯ ಹತ್ತಿರ ಬಂದ.

ಲತಾಳ ಕಣ್ಣು ತುಂಬಿತ್ತು. ಅದಕ್ಕೇ ದನಿ ಇನ್ನಷ್ಟು ಗಡಸಾಯಿತು. "ಏಳು ತಿಂಗಳು ನಿಮ್ಮನ್ನ ಕುಡುಕ ಅಂದ್ಕೊಂಡೆ. ಸುಳ್ಳುಗಾರ ಅಂದ್ಕೊಂಡೆ. ಬಾಯಿಲ್ವಾ ನಿಮಗೆ? ಬೇರೆಯವಳ ಮಾವನಿಗೆ ನನ್ನ ಕೈಯಾಗೇ ಬಿಯರ್ ಆರಿಸಿಕೊಂಡ್ರಲ್ಲ... ಹೋಗ್ರಿ ಇಲ್ಲಿಂದ."

ಅವನು ಹೋದ.

ಆ ವಾರವೆಲ್ಲ ಅವಳು ಗಿರಾಕಿಗಳ ಮೇಲೆ ಹರಿಹಾಯ್ದಳು. ಸ್ಕೂಟರ್ ಸದ್ದಾದಾಗಲೆಲ್ಲ ಕತ್ತು ಹೊರಳಿತು, ಹೊರಳಿದ ಕತ್ತಿಗೆ ಬೈದಳು.

ಶನಿವಾರ ಮಧ್ಯಾಹ್ನ ಸಾಲಿನಲ್ಲಿ ಐದನೆಯವನಾಗಿ ಶಿವಕುಮಾರ ನಿಂತಿದ್ದ. ಕೈಯಲ್ಲಿ ಹೆಲ್ಮೆಟ್ ಕೂಡ ಇರಲಿಲ್ಲ. ಹಿಂದೆ ನಿಂತಿದ್ದ ದಾವಣಗೆರೆಯ ಪರಿಚಯದವರು ಯಾರೋ ಕಣ್ಣರಳಿಸಿ ನೋಡುತ್ತಿದ್ದರು. ಅವನೇ ಅವರಿಗೆ ಕೈಮುಗಿದ. ಅವರು ಸಾಲು ಬಿಟ್ಟು ಓಡಿದರು.

"ಬಸ್ಸಿಗೆ ಬಂದೆ," ಎಂದ ಸರದಿ ಬಂದಾಗ, ಅವಳು ಕೇಳದೆಯೇ. "ಅವ್ವ ಮೂಟೆ ಹಿಂದಿನ ಬಾಟಲಿ ನೋಡಿ, ಮಗ ಕುಡುಕ ಅಂತ ಒಂದಿನ ಅತ್ಲು. ನಾನು ಕುಡಿಯಲ್ಲ, ಅಂಗಡಿಯವಳನ್ನ ನೋಡಾಕೆ ಹೋಗ್ತಿದ್ದೆ ಅಂದೆ. ಅದಕ್ಕಿಂತ ಕುಡುಕನಾಗಿದ್ರೇ ಚೊಲೊ ಇತ್ತು ಅಂತ ಇನ್ನೊಂದಿನ ಅತ್ಲು."

ಲತಾ ತುಟಿ ಕಚ್ಚಿಕೊಂಡಳು. "ಮೂರನೇ ದಿನ?"

"ಮೂರನೇ ದಿನ ಕಣ್ಣೊರೆಸಿಕೊಂಡು, ಮೂವತ್ತೊಂದು ಬಾಟಲಿ ಕೊಳ್ಳಿಸಿದವಳ ಮುಖನಾದ್ರೂ ನೋಡ್ತೀನಿ, ಕರ್ಕೊಂಡು ಬಾ ಅಂದ್ಲು."

"ಅದು ಒಪ್ಪಿಗೆ ಅಲ್ಲ."

"ಅಲ್ಲ. ನಮ್ಮವ್ವನ ಒಪ್ಪಿಗೆ ಹಳೇ ಅಕ್ಕಿ ಇದ್ದಂಗೆ, ಬೇಯಾಕೆ ಹೊತ್ತು ಹಿಡೀತೈತೆ. ನಾನು ಕಾಯ್ತೀನಿ. ನಿಮ್ಮದೂ ಅಷ್ಟೆ."

ಅವಳು ಬಟ್ಟೆ ತೆಗೆದುಕೊಂಡು ಸ್ವಚ್ಛವಾಗಿಯೇ ಇದ್ದ ಗಲ್ಲಾ ಒರೆಸಿದಳು. ಸಾಲಿನಲ್ಲಿದ್ದವರು ಗೊಣಗಿದರು. ತಿಪ್ಪೇಶ್ ಅವರನ್ನು ಗದರಿಸಿ ಸುಮ್ಮನಾಗಿಸಿದ.

"ನಿಮಗೇನು ಬೇಕು ಹೇಳ್ರಿ. ಹಿಂದೆ ಜನ ಕಾಯ್ತಾರೆ."

"ನಾಳೆ ಮನೆಗೆ ಅತಿಥಿ ಬರೋರದಾರೆ. ಏನು ಕೊಡ್ಲಿ ಅಂತ ಕೇಳಾಕೆ ಬಂದೆ."

"ಎಂಥೋರು?"

"ಬಾಯಿ ಜೋರು. ಬಿಯರ್ ಮಾರ್ತಾರೆ, ಕುಡಿಯಲ್ಲ. ಬರ್ತೀನಿ ಅಂತ ಇನ್ನೂ ಹೇಳಿಲ್ಲ."

ಬಟ್ಟೆ ನಿಂತಿತು. ಅವಳು ಮುಖ ಎತ್ತದೆ ಹೇಳಿದಳು. "ಮಜ್ಜಿಗೆ ಕೊಡ್ರಿ."

"ಮಜ್ಜಿಗೆ?"

"ಹ್ಞೂಂ. ಅವತ್ತೇ ಕಡೆದಿದ್ದು ಇರ್ಲಿ. ಮರ್ಯಾದೆ ಅಂತ ಹಳೇದು ತಂದಿಟ್ರೆ, ನಿಮ್ಮ ಅಡಿಗೆಮನೆಗೆ ಬಂದು ನಾನೇ ಕಡೀಬೇಕಾಗ್ತೈತೆ."

ಶಿವಕುಮಾರ ಜಾಲರಿಯ ಕಂಬಿ ಹಿಡಿದುಕೊಂಡ. ಅವನ ಬೆರಳಿಗೆ ಅವಳ ಬೆರಳು ತಾಗಿತು, ಅಲ್ಲೇ ಉಳಿಯಿತು.

"ಹಂಗಾದ್ರೆ," ಎಂದ ಮೆಲ್ಲಗೆ, "ಹಳೇದೇ ಇಡ್ತೀನಿ."