ಸಮುದ್ರದ ಕಡೆಯ ಕುರ್ಚಿ

ಫೆಬ್ರವರಿ 8, ಭಾನುವಾರ, ಬೆಳಿಗ್ಗೆ 11.20. ಪ್ರವಾಸಕ್ಕೆ ವಾಹನ ಬಾಡಿಗೆಗೆ ಬಿಡುವ ಗುರುಪ್ರಕಾಶ್ ಶಿರಾಳಕೊಪ್ಪ ಠಾಣೆಗೆ ಏದುಸಿರು ಬಿಡುತ್ತಾ ಬಂದರು. ಶೆಡ್ಡಿನಲ್ಲಿದ್ದ ಟೆಂಪೊ ಟ್ರಾವೆಲರ್ ಕಾಣೆಯಾಗಿತ್ತು.

"ಕೀಲಿ ಯಾರ ಹತ್ರ ಇತ್ತು?" ಸಬ್ ಇನ್ಸ್‌ಪೆಕ್ಟರ್ ಶರಣ್ಯ ಕೇಳಿದರು.

"ಡ್ರೈವರ್ ರಜನಿ ಹತ್ರ ಮೇಡಂ. ಹೊಸಬಾಳೆಯವ್ಳು. ಫೋನ್ ಆಫ್ ಐತಿ. ಹೆಣ್ಮಗಳನ್ನ ಡ್ರೈವರ್ ಮಾಡಬ್ಯಾಡ ಅಂತ ಊರೆಲ್ಲ ಹೇಳಿತ್ತು, ನಾನೇ ಕೇಳ್ಲಿಲ್ಲ."

ಎಫ್‌ಐಆರ್ ದಾಖಲಾಯಿತು. ರಜನಿಯ ಆರು ವರ್ಷದ ಕೆಲಸ, ಕಷ್ಟಪಟ್ಟು ಗಳಿಸಿದ ಹೆಸರು, ಎರಡೂ ಆ ಒಂದು ಹಾಳೆಯಲ್ಲಿ ಮಣ್ಣುಪಾಲಾಗುವ ಹಾಗಿತ್ತು. ಇಡೀ ಸೊರಬ ತಾಲ್ಲೂಕಿನಲ್ಲಿ ಪ್ರವಾಸದ ಗಾಡಿ ಓಡಿಸುವ ಹೆಂಗಸು ಅವಳೊಬ್ಬಳೇ.

ಹೊಸಬಾಳೆಗೆ ಫೋನು ಮಾಡಿದರೆ, ಬಾಡಿಗೆ ಇಲ್ಲದಾಗ ಅವಳ ಜೊತೆ ಭತ್ತದ ನಾಟಿಗೆ ಹೋಗುವ ಆರು ಹೆಂಗಸರೂ ಊರಿನಲ್ಲಿಲ್ಲ ಎಂದು ತಿಳಿಯಿತು. ಕಳ್ಳರು ಇಷ್ಟೊಂದು ಜನರನ್ನು ಕರೆದುಕೊಂಡು ಹೋಗುವುದನ್ನು ಹೆಡ್ ಕಾನ್‌ಸ್ಟೆಬಲ್ ಭೀಮಣ್ಣ ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಕಂಡಿರಲಿಲ್ಲ.

"ಟೋಲ್ ಮೆಸೇಜ್ ಬಂದಿಲ್ಲೇನ್ರೀ?" ಎಂದರು ಅವರು.

ಗುರುಪ್ರಕಾಶ್ ಮೊಬೈಲ್ ತೆಗೆದು ನೋಡಿದರು. 12.35ಕ್ಕೆ ಅಂಕೋಲಾ ಹತ್ತಿರದ ಟೋಲ್. ಗಾಡಿ ಕಾರವಾರದ ಕಡೆ ಹೊರಟಿತ್ತು.

ಬೆನ್ನು ಹತ್ತಿ ಹೊರಟ ಶರಣ್ಯ ಮತ್ತು ಭೀಮಣ್ಣನಿಗೆ ಸಂಜೆ 6.05ಕ್ಕೆ ಕಾರವಾರದಲ್ಲಿ ಗಾಡಿ ಸಿಕ್ಕಿತು. ದಿಬ್ಬದ ಮೇಲೆ ಸಮುದ್ರಕ್ಕೆ ಮುಖ ಮಾಡಿದ ಮೂರು ಬಾರುಗಳು, ಮೂರಕ್ಕೂ ಒಂದೇ ಪಾರ್ಕಿಂಗ್. ಗಾಡಿ ನಿಲ್ಲಿಸುವ ಜಾಗದ ಎದುರಿಗೆ ಎತ್ತರದ ಗೋಡೆ, ಅಲ್ಲಿಂದ ಸಮುದ್ರ ಕಾಣುತ್ತಿರಲಿಲ್ಲ. ಎರಡು ಬಾರುಗಳನ್ನು ದಾಟಿದ ಭೀಮಣ್ಣ ಮೂರನೆಯದರ ಮೆಟ್ಟಿಲ ಬಳಿ ನಿಂತುಬಿಟ್ಟರು. ಏಳು ಜೊತೆ ಚಪ್ಪಲಿ ಸಾಲಾಗಿ ಇದ್ದವು.

"ಮೇಡಂ, ನಮ್ಮೋರು ಇಲ್ಲೇ ಅದಾರೆ. ಬಾರಿಗೆ ಬಂದ್ರೂ ಚಪ್ಪಲಿ ಹೊರಗೆ ಬಿಟ್ಟಾರೆ!"

ಬರಿಗಾಲಿನ ಏಳು ಹೆಂಗಸರು ಅಂಚಿನ ಮೇಜಿನಲ್ಲಿ ಕುಳಿತಿದ್ದರು. ಆರು ಜನರ ಮುಂದೆ ಕೋಕಂ ಶರಬತ್ತು. ಎಲ್ಲರಿಗಿಂತ ಹಿರಿಯಳಾದ ತಾಯಮ್ಮನ ಮುಂದೆ ಬಿಯರ್. ಪೊಲೀಸರನ್ನು ಕಂಡು ರಜನಿ ಎದ್ದು ನಿಂತಳು.

"ಗಾಡಿ ನೀನೇ ತಂದಿದ್ದಾ?"

"ಹೌದು ಮೇಡಂ."

"ಇವ್ರಿಗೆ ಗೊತ್ತಿತ್ತಾ?"

"ಇಲ್ಲ. ಸಾಹುಕಾರ್ರೇ ಕೊಟ್ಟಾರೆ ಅಂದಿದ್ದೆ. ನೀವು ಬರ್ತೀರಿ ಅಂತ ಗೊತ್ತಿತ್ತು. ಹತ್ತು ನಿಮಿಷ ಕೊಡ್ತೀರಾ?"

ಸೂರ್ಯ ನೀರಿನಿಂದ ಗೇಣಷ್ಟು ಮೇಲಿದ್ದ. ಭೀಮಣ್ಣ ಪಿಸುಗುಟ್ಟಿದರು: "ಮೇಡಂ, ಹೊತ್ತು ಮುಳುಗಿದ್ರೆ ಹೆಣ್ಮಕ್ಕಳನ್ನ ಅರೆಸ್ಟ್ ಮಾಡಂಗಿಲ್ಲ. ಬೆಳಗಿನ ತನಕ ಕಾಯ್ಬೇಕು."

"ಗೊತ್ತು ಭೀಮಣ್ಣ. ನೀವೂ ಕೂತ್ಕೊಳ್ರಿ."

6.36ಕ್ಕೆ ಸೂರ್ಯ ಮುಳುಗಿದ. ತಾಯಮ್ಮ, "ಅಯ್ಯ, ಇಷ್ಟು ಬೇಗ ಹೋತಲ್ಲೇ!" ಎಂದಳು. ಭೀಮಣ್ಣನಿಗೂ ಹಾಗೆಯೇ ಅನ್ನಿಸಿತ್ತು.

ಬಾರಿನ ಸಪ್ಲೈಯರ್ ಮತ್ತು ಎಳನೀರಿನವನನ್ನು ಪಂಚರನ್ನಾಗಿ ಮಾಡಿಕೊಂಡು ಗಾಡಿಯ ಪಂಚನಾಮೆ ಮುಗಿಸಿದರು. ರಾತ್ರಿಯೇ ಎಲ್ಲರೂ ಊರಿಗೆ ಮರಳಿದರು; ಬೆಳಿಗ್ಗೆ ಠಾಣೆಗೆ ಬರುವುದಾಗಿ ರಜನಿ ಮಾತು ಕೊಟ್ಟಳು.

ಸೋಮವಾರ ಬೆಳಿಗ್ಗೆ 7.10ಕ್ಕೆ ಅವಳು ತಾನಾಗಿಯೇ ಬಂದಳು. ದಸ್ತಗಿರಿ ಮೆಮೊಗೆ ಸಹಿ ಹಾಕಿ ಹೇಳಿಕೆ ಕೊಟ್ಟಳು: "ಆರು ವರ್ಷ ಜನನ್ನ ಅಲ್ಲಿಗೆ ಕರ್ಕಂಡು ಹೋಗೀನಿ. ಅವ್ರು ಒಳಗೆ ಕೂತು ಸಮುದ್ರ ನೋಡೋರು, ನಾನು ಗಾಡಿಯಾಗೆ ಕೂತು ಗೋಡೆ ನೋಡ್ತಿದ್ದೆ. ಒಂದ್ಸಲ ನಂಗೂ ಆ ಕಡೆ ಕುರ್ಚಿ ಬೇಕು ಅನ್ನಿಸ್ತು. ಒಬ್ಳೇ ಹೋಗಾಕೆ ಮನಸ್ಸು ಬರ್ಲಿಲ್ಲ. ಕೇಳಿದ್ರೆ ಗಾಡಿ ಕೊಡಲ್ಲ ಅಂತ ಕೇಳ್ಲಿಲ್ಲ."

ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡ ಗುರುಪ್ರಕಾಶ್ ಒಳಗೆ ಬಂದರು.

"ಕೇಳಿದ್ರೆ ಕೊಡ್ತಿರ್ಲಿಲ್ಲ, ಅದು ಖರೆ," ಎಂದರು. "ಕೇಸ್ ವಾಪಸ್ ತಗಳ್ಳಾಕೆ ಬರ್ತದಾ ಮೇಡಂ?"

"ಅದನ್ನ ಕೋರ್ಟಿನಲ್ಲಿ ಹೇಳ್ಬೇಕು. ಈಗ ಇವಳ ಜಾಮೀನಿಗೆ ಯಾರಾದ್ರೂ ಬೇಕು."

ಗುರುಪ್ರಕಾಶ್ ಜೇಬಿನಿಂದ ಪೆನ್ನು ತೆಗೆದರು. ಫಿರ್ಯಾದಿಯ ಹೆಸರನ್ನೇ ಜಾಮೀನುದಾರನ ಜಾಗದಲ್ಲೂ ಬರೆಯುವಾಗ ಭೀಮಣ್ಣ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.