ರೋಗಾಣು ಮರೆತ ಮದ್ದು

ಮಂಚದ ಪಕ್ಕ ಇಟ್ಟಿದ್ದ ಪೆಟ್ಟಿಗೆ ಊಟದ ಡಬ್ಬಿಗಿಂತ ದೊಡ್ಡದೇನಲ್ಲ. ಕೊಟ್ರಮ್ಮನ ಮೊಣಕಾಲಿನ ಗಾಯದಿಂದ ತೆಗೆದ ಒಂದು ಹನಿ ಕೀವು ಅದರೊಳಗೆ ಹೋಗಿ ಹತ್ತು ನಿಮಿಷವಾಗಿತ್ತು. ಒಳಗೆ ಸಣ್ಣ ಫ್ಯಾನು ತಿರುಗುವ ಸದ್ದು. ಹತ್ತೊಂಬತ್ತು ದಿನದಿಂದ ಆ ಕೋಣೆಯಲ್ಲಿ ಒಬ್ಬಳೇ ಮಲಗಿದ್ದವಳಿಗೆ ಆ ಸದ್ದೂ ಯಾರೋ ಜೊತೆಗಿದ್ದಂತೆ ಅನಿಸಿತು.

ಅದು 2058ರ ಬೇಸಿಗೆ. ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ಕೊಟ್ರಮ್ಮನ ಮಂಡಿಯ ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಗಿತ್ತು. ನಾಲ್ಕನೆಯ ದಿನ ಗಾಯ ಕೀವುಗಟ್ಟಿತು. ಮದ್ದಿಗೆ ಬಗ್ಗದ ರೋಗಾಣು, ಬೇರೆಯವರಿಗೆ ಹರಡಬಾರದು ಎಂದು ಅವಳನ್ನು ಗಾಜಿನ ಬಾಗಿಲಿನ ಈ ಕೋಣೆಗೆ ತಂದರು. ಒಂದಾದ ಮೇಲೊಂದು ಮೂರು ಬಗೆಯ ಇಂಜೆಕ್ಷನ್ ಕೊಟ್ಟರು. ಶಸ್ತ್ರಚಿಕಿತ್ಸೆಯ ಖರ್ಚನ್ನು ಸರ್ಕಾರದ ಕಾರ್ಡು ನೋಡಿಕೊಂಡಿತ್ತು. ಈ ಇಂಜೆಕ್ಷನ್‌ಗಳು ಕಾರ್ಡಿನ ಪಟ್ಟಿಯಲ್ಲಿರಲಿಲ್ಲ. ಮೊದಲನೆಯದಕ್ಕೆ ಉಳಿತಾಯ ಹೋಯಿತು, ಎರಡನೆಯದಕ್ಕೆ ಬಳೆ, ಮೂರನೆಯದಕ್ಕೆ ಕಸೂತಿ ಹಾಕುವ ಹೊಸ ಮಿಷನ್ನು. ಉಳಿದದ್ದು ಕಾಲಲ್ಲಿ ತುಳಿಯುವ ಹಳೆಯ ಹೊಲಿಗೆ ಮಿಷನ್ ಒಂದೇ. ಅದನ್ನೂ ಮಾರಿದರೆ, ಕಾಲು ನೆಟ್ಟಗಾದ ಮೇಲೆ ತುಳಿಯಲು ಏನೂ ಇರುವುದಿಲ್ಲ.

ಅವಳನ್ನು ಎಲ್ಲರೂ ಕೈಗವಸು ಹಾಕಿಕೊಂಡೇ ಮುಟ್ಟುತ್ತಿದ್ದರು. ನೆಲ ಒರೆಸುವ ದುರುಗಮ್ಮ ಮಾತ್ರ ಹೋಗುವ ಮುಂಚೆ ಬಾಗಿಲ ಗಾಜಿನ ಸೋಪಿನ ನೊರೆಯಲ್ಲಿ ಬೆರಳಿನಿಂದ ಒಂದು ಹೂವು ಬರೆದು, ಕೊಟ್ರಮ್ಮ ನೋಡಿದಳೆಂದು ಖಾತ್ರಿಯಾದ ಮೇಲೆ ಒರೆಸುತ್ತಿದ್ದಳು. ಸಂಜೆ ನಾಲ್ಕಕ್ಕೆ ಪಕ್ಕದ ಮನೆಯ ಹಬೀಬಾ ನಡೆದುಕೊಂಡು ಬಂದು ಗಾಜಿನಾಚೆ ನಿಲ್ಲುತ್ತಿದ್ದಳು. ಒಂದು ದಿನವೂ ತಪ್ಪಿಸಿರಲಿಲ್ಲ.

ಫ್ಯಾನು ನಿಂತಿತು. ಪೆಟ್ಟಿಗೆಯನ್ನು ರೂಪಿಸಿದ ವಿಜ್ಞಾನಿ ಶಿವಲೀಲಾ ಅದರ ಪರದೆಯನ್ನು ಕೊಟ್ರಮ್ಮನ ಕಡೆ ತಿರುಗಿಸಿದಳು.

“ಅಮ್ಮಾ, ರೋಗಾಣು ಒಂದು ಮದ್ದನ್ನು ಎದುರಿಸಿ ಬದುಕಿದರೆ ಅದರ ಗುರುತು ವಂಶದಲ್ಲಿ ಉಳಿಯುತ್ತೆ. ಈ ಪೆಟ್ಟಿಗೆ ಅದನ್ನು ಓದುತ್ತೆ. ಯಾವ ಮದ್ದು, ಸುಮಾರು ಎಷ್ಟು ವರ್ಷದ ಹಿಂದೆ, ಎಲ್ಲ.”

“ಜಾತಕ ಅನ್ರಿ.”

“ಜಾತಕ ಮುಂದಿನದು ಹೇಳುತ್ತೆ. ಇದು ಹಿಂದಿನದು ಮಾತ್ರ.”

“ಹಂಗಾದ್ರೆ ನಂಬಬಹುದು ಬಿಡಿ.”

ಶಿವಲೀಲಾ ನಕ್ಕಳು. “ಇವರು ಕೊಟ್ಟ ಮೂರೂ ನಿಮ್ಮ ರೋಗಾಣುವಿಗೆ ಹಳೇ ಪರಿಚಯ. ಇನ್ನೂ ನಾಲ್ಕು ಗೊತ್ತು. ಮೊದಲನೇದನ್ನ ಮೂವತ್ತೆರಡು ವರ್ಷದ ಹಿಂದೆ ಕಲಿತಿದೆ.”

“ಅಷ್ಟೊಂದು ಮದ್ದು ನಾನು ನುಂಗೇ ಇಲ್ಲವಲ್ಲವ್ವ.”

“ನೀವೇ ನುಂಗಬೇಕಂತಿಲ್ಲ. ನಿಮ್ಮ ಓಣಿಯಲ್ಲಿ ಯಾರೋ ಅರ್ಧಕ್ಕೆ ಬಿಟ್ಟಿದ್ದರೂ ಆಯ್ತು. ಅರೆ ಏಟು ತಿಂದು ಉಳಿದ ರೋಗಾಣು ಪಾಠ ಕಲಿತು ಮನೆಯಿಂದ ಮನೆಗೆ ಹೋಗುತ್ತೆ.”

ಕೊಟ್ರಮ್ಮ ಮೆಲ್ಲಗೆ ಹೇಳಿದಳು. ಅವಳ ಗುಂಡಿಗಳ ಡಬ್ಬಿಯಲ್ಲಿ ಓಣಿಯವರೆಲ್ಲ ಮಿಗಿಸಿದ ಮಾತ್ರೆಗಳಿದ್ದವು. ಜ್ವರಕ್ಕೆ ಕೆಂಪು, ಗಂಟಲಿಗೆ ಹಳದಿ. ಕೇಳಿ ಬಂದವರಿಗೆ ಕೊಡುತ್ತಿದ್ದಳು. ಒಬ್ಬರ ಹತ್ತಿರವೂ ಕಾಸು ತೆಗೆದುಕೊಂಡವಳಲ್ಲ.

ಶಿವಲೀಲಾ ಬೈಯಲಿಲ್ಲ. ಜಾರಿದ್ದ ಹೊದಿಕೆಯನ್ನು ಅವಳ ಪಾದದ ಮೇಲೆ ಸರಿಯಾಗಿ ಎಳೆದಳು.

“ಇದು ಮರೆತ ಮದ್ದೂ ಒಂದಿದೆ ಅಮ್ಮಾ. ಬಳಸದ ವಿದ್ಯೆ ಹೊತ್ತು ತಿರುಗೋದು ರೋಗಾಣುವಿಗೂ ಭಾರ. ನಲವತ್ತು ವರ್ಷದಿಂದ ಯಾರೂ ಕೇಳದ ಹಳೇ ಬಿಳಿ ಮಾತ್ರೆ. ಹದಿನಾಲ್ಕು ದಿನಕ್ಕೆ ಆರು ರವಿಕೆ ಹೊಲಿದ ಕೂಲಿ ಸಾಕು. ಮಿಷನ್ ಮಾರಬೇಡಿ. ಆದರೆ ಪೆಟ್ಟಿಗೆ ಹೇಳದೆ ಇದನ್ನು ಇನ್ನೊಬ್ಬರು ನುಂಗಬಾರದು. ರೋಗಾಣುವಿಗೆ ಮತ್ತೆ ನೆನಪಾದರೆ, ಆಮೇಲೆ ನನ್ನ ಹತ್ತಿರ ಹೇಳೋದಕ್ಕೆ ಏನೂ ಇರಲ್ಲ.”

ಹತ್ತನೆಯ ದಿನಕ್ಕೆ ಗಾಯ ಒಣಗಿತು. ಉಳಿದ ನಾಲ್ಕು ದಿನದ ಎಂಟು ಮಾತ್ರೆ ಹಿಡಿದು ಕೊಟ್ರಮ್ಮ ಮನೆಗೆ ಬಂದಳು. ಮರುದಿನವೇ ಹಬೀಬಾ ಸೆರಗು ಹೊದ್ದು ಬಂದು ಹೊಸ್ತಿಲಲ್ಲಿ ಕುಳಿತಳು.

“ಮೈ ಸುಡ್ತಿದೆ ಕೊಟ್ರಮ್ಮಕ್ಕ. ಆ ಬಿಳಿ ಮಾತ್ರೆ ಎರಡು ಕೊಡು.”

“ಇದು ಕೊಡಂಗಿಲ್ಲ ಹಬೀಬಾ.”

“ಎರಡೇ. ನಿನಗೆ ವಾಸಿಯಾಯ್ತಲ್ಲ.”

“ನಡಿ, ಆಸ್ಪತ್ರೆಗೆ ಹೋಗಾಣ. ಪೆಟ್ಟಿಗೆ ನೋಡಿ ಹೇಳುತ್ತೆ. ನಾನೂ ಬರ್ತೀನಿ.”

“ದಿನಾ ನಡೆದು ಬಂದು ಗಾಜಿನ ಮುಂದೆ ನಿಂತವಳಿಗೆ ಆಸ್ಪತ್ರೆ ದಾರಿ ತೋರಿಸ್ತೀಯಾ?” ಹಬೀಬಾ ಗೋಡೆ ಹಿಡಿದು ಎದ್ದಳು. “ಇಡೀ ಓಣಿಗೆ ಹಂಚಿದ ಕೈ. ನನಗೆ ಮಾತ್ರ ಎರಡು ಮಾತ್ರೆ ಭಾರ ಆಯ್ತು.”

ಪಕ್ಕದ ಮನೆಯ ಬಾಗಿಲು ಹಾಕಿಕೊಂಡಿತು. ಕೊಟ್ರಮ್ಮ ಗಂಜಿ ಕಾಯಿಸಿ, ಊರುಗೋಲು ಹಿಡಿದು ಕುಂಟುತ್ತ ಹೋಗಿ ಅಲ್ಲಿ ಇಟ್ಟು ಬಂದಳು. ಬಹಳ ಹೊತ್ತಿನ ಮೇಲೆ ಬಾಗಿಲು ತೆರೆದ ಸದ್ದು, ಪಾತ್ರೆ ಒಳಗೆ ಹೋದ ಸದ್ದು, ಮತ್ತೆ ಬಾಗಿಲು ಹಾಕಿದ ಸದ್ದು. ಬೆಳಿಗ್ಗೆ ಇನ್ನೊಮ್ಮೆ ಕರೆಯಬೇಕು, ಆಟೋದವನಿಗೆ ಹೇಳಿಡಬೇಕು ಎಂದುಕೊಂಡಳು.

ಹೊತ್ತಿಗೆ ಸರಿಯಾಗಿ ತನ್ನ ಮಾತ್ರೆ ನುಂಗಿ, ಆಸ್ಪತ್ರೆಗೆ ಒಪ್ಪಿಸಿಬಿಡೋಣವೆಂದು ಗುಂಡಿಗಳ ಡಬ್ಬಿಯನ್ನು ಮಡಿಲಿಗೆ ಸುರಿದುಕೊಂಡಳು. ಎಲ್ಲಕ್ಕಿಂತ ಅಡಿಯಲ್ಲಿ ಬಣ್ಣ ಕೆಟ್ಟ ಒಂದು ಮಾತ್ರೆ ಪಟ್ಟಿ ಸಿಕ್ಕಿತು. ಹತ್ತರಲ್ಲಿ ಮೂರು ಖಾಲಿ, ಏಳು ಹಾಗೇ ಇದ್ದವು. ಇದನ್ನು ಬೇರೆ ಯಾರೂ ಕೊಟ್ಟಿರಲಿಲ್ಲ, ಅವಳಿಗೇ ಬರೆದುಕೊಟ್ಟದ್ದು. ಕನ್ನಡಕ ಹಾಕಿಕೊಂಡು ಹಿಂಬದಿಯ ತಯಾರಿಕೆಯ ತಾರೀಖು ಓದಿದಳು: 2026. ಮೂವತ್ತೆರಡು ವರ್ಷದ ಹಿಂದೆ, ಆಗವಳಿಗೆ ಮೂವತ್ತಾರು. ಒಂದೂವರೆ ದಿನಕ್ಕೇ ಜ್ವರ ಬಿಟ್ಟಿತ್ತು. ಉಳಿದದ್ದು ಯಾರಿಗಾದರೂ ಆದೀತೆಂದು ಸಂತೋಷದಿಂದಲೇ ಡಬ್ಬಿಗೆ ಹಾಕಿ ಮುಚ್ಚಿದ್ದಳು.