ಹೋಲ್ಡ್ ಅಂದವಳು

“ಸುರಂಗದೊಳಕ್ ಓದೋರು ಆಚೆಗ್ ಬರಾಂಗೇ ಕಾಣಾಕಿಲ್ವಲ್ಲವ್ವಾ! ಜಡೇಸ್ವಾಮಿಗೂ ಆ ಮೈಸೂರು ಮೇಡಮ್ಮುಗೂ ಅದೇನ್ ಮಾತೋ!”

ಟೀ ಲೋಟ ಇಡುತ್ತಾ ಕ್ಯಾಂಟೀನಿನ ಚಿಕ್ಕಬಸಮ್ಮ ಹೇಳಿದ್ದು ಅಷ್ಟೇ. ಕಂಟ್ರೋಲ್ ರೂಮಿನಲ್ಲಿ ಕೂತಿದ್ದ ನಾಗಶ್ರೀಗೆ ಟೀ ಕಹಿಯಾಯಿತು.

ಹನೂರಿನಾಚೆಯ ಬೆಟ್ಟದೊಳಗೆ ಹೊಸ ವಿದ್ಯುತ್ ಯೋಜನೆಯ ಪ್ರೆಶರ್ ಶಾಫ್ಟ್. ಮೇಲಿನ ಜಲಾಶಯದ ನೀರನ್ನು ಟರ್ಬೈನಿಗೆ ಇಳಿಸುವ, ಉಕ್ಕಿನ ಕವಚದ ಆಳ ಬಾವಿ. ಇವತ್ತು ಅದಕ್ಕೆ ಮೊದಲ ಬಾರಿ ನೀರು ತುಂಬುತ್ತಿದ್ದರು. ಸ್ವಲ್ಪ ತುಂಬಬೇಕು, ನಿಲ್ಲಿಸಬೇಕು. ಸುತ್ತಲಿನ ಬಂಡೆಯಲ್ಲಿ ನೀರಿನ ಒತ್ತಡ ಏರುತ್ತಿಲ್ಲ ಎಂದು ಖಾತ್ರಿಯಾದ ಮೇಲೇ ಮತ್ತೆ ತುಂಬಬೇಕು. ಸ್ಕ್ರೀನಿನಲ್ಲಿ ಒತ್ತಡ ನೋಡುವವಳು ಮಾಂಬಳ್ಳಿಯ ನಾಗಶ್ರೀ. ಪಕ್ಕದ ಸುರಂಗದಲ್ಲಿ ಕೂತು ನೀರು ಜಿನುಗುತ್ತದೆಯೇ ಎಂದು ನೋಡುವವರು ಕೌದಳ್ಳಿಯ ಟೆಕ್ನಿಷಿಯನ್ ಜಡೇಸ್ವಾಮಿ ಮತ್ತು ಮೈಸೂರಿಂದ ಬಂದ ಡಿಸೈನ್ ಇಂಜಿನಿಯರ್ ದಿವ್ಯ. ಒಬ್ಬರನ್ನೇ ಒಳಗೆ ಬಿಡುವಂತಿಲ್ಲ, ಒತ್ತಡ ಏರುತ್ತಿರುವಾಗ ಜಾಗ ಖಾಲಿ ಬಿಡುವಂತೆಯೂ ಇಲ್ಲ. ರೂಲ್ಸು!

ದಿವ್ಯ ತನ್ನ ಮುಂದಿನ ಪ್ರಾಜೆಕ್ಟಿಗೆ, ಹಿಮಾಚಲಕ್ಕೆ, ಜಡೇಸ್ವಾಮಿಯನ್ನೂ ಕರೆದಿದ್ದಳು. ಸಂಜೆಯೊಳಗೆ ಅವನು ಉತ್ತರ ಹೇಳಬೇಕಿತ್ತು. ನಾಗಶ್ರೀಯ ಹತ್ತಿರ ಆ ಮಾತೇ ಎತ್ತಿರಲಿಲ್ಲ. ವರ್ಷದಿಂದ ಬುತ್ತಿ ಹಂಚಿಕೊಂಡು ಉಂಡವನು!

ವಾಕಿಟಾಕಿಯಲ್ಲಿ ಜಡೇಸ್ವಾಮಿಯ ದನಿ ಗೊರಗುಟ್ಟಿತು. “ಮೇಡಂ, ಇಲ್ಲಿ ಒಂದ್ ತೊಟ್ಟೂ ಜಿನುಗ್ತಿಲ್ಲ. ಆಚೆಗ್ ಬರಾದಾ?”

ಹಿಂದೆಯೇ ದಿವ್ಯಳ ನಗು. ಎಷ್ಟು ಚೆಂದದ ನಗು, ಹಾಳಾದ್ದು!

ಸ್ಕ್ರೀನಿನಲ್ಲಿ ಒತ್ತಡದ ಒಂದು ಗೆರೆ ಕೂದಲೆಳೆಯಷ್ಟು ಮೇಲೇರುತ್ತಿತ್ತು. ನೋಡದವಳಂತೆ ‘ಬನ್ನಿ’ ಅಂದುಬಿಟ್ಟರೆ ಇಬ್ಬರೂ ಬಿಸಿಲಿಗೆ ಬರುತ್ತಾರೆ, ಬೇರೆಬೇರೆಯಾಗುತ್ತಾರೆ. ನಾಗಶ್ರೀ ತುಟಿ ಕಚ್ಚಿ ಬಟನ್ ಒತ್ತಿದಳು.

“ಹೋಲ್ಡ್. ಒತ್ತಡ ಏರ್ತಿದೆ. ಇಬ್ರೂ ಅಲ್ಲೇ ಇರಿ.”

“ಎಷ್ಟೊತ್ತು ಮೇಡಂ?”

“ನಿಲ್ಲೋವರೆಗೂ! ಜೊತೆಗೆ ಮಾತಾಡೋರು ಇದ್ದಾರಲ್ಲ, ಬೇಜಾರೇನಾಗಲ್ಲ ಬಿಡಿ.”

ಸೈಟಿನ ಎಲ್ಲ ವಾಕಿಟಾಕಿಗಳಲ್ಲೂ ಅದು ಕೇಳಿಸಿತು. ಬಾಗಿಲಾಚೆ ಯಾರೋ ಕಿಸಕ್ಕೆಂದರು.

ಅವಳು ಹೆಲ್ಮೆಟ್ ಎತ್ತಿಕೊಂಡಳು. “ಸಾರ್, ಸ್ಕ್ರೀನ್ ನೀವು ನೋಡಿ. ದಿವ್ಯ ಮೇಡಂ ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ನಾನ್ ಹೋಗಿ ಅವರನ್ನ ಕಳಿಸ್ತೀನಿ.”

ಪಕ್ಕದ ಮೇಜಿನ ಹಿರಿಯ ಇಂಜಿನಿಯರ್ ಗುರುಪಾದಸ್ವಾಮಿ ಕನ್ನಡಕದ ಮೇಲಿಂದ ನೋಡಿದರು. “ದಿವ್ಯ ಮೇಡಂ ಮ್ಯಾಲೆ ಅದೇನ್ ಪ್ರೀತಿ ಉಕ್ತಾ ಅದೆ ಕಣಮ್ಮಾ! ಓಗು, ಓಗು.”

ದಿವ್ಯ ಊಟಕ್ಕೆ ಹೋದಳು. ಗೆರೆ ನಿಂತಿದೆಯೆಂದೂ, ಆದರೂ ಇನ್ನಷ್ಟು ಹೊತ್ತು ಕಾಯಬೇಕೆಂದೂ ಗುರುಪಾದಸ್ವಾಮಿ ವಾಕಿಟಾಕಿಯಲ್ಲಿ ತಿಳಿಸಿದರು. ಸುರಂಗದ ಹಲಗೆಯ ಮೇಲೆ ಈಗ ಜಡೇಸ್ವಾಮಿ, ನಾಗಶ್ರೀ. ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ.

“ಹಿಮಾಚಲಕ್ಕೆ ಹೂಂ ಅಂದ್ರಾ?”

“ಇನ್ನೂ ಇಲ್ಲ. ನೀವು ಓಗು ಅನ್ನಿ, ಓಯ್ತೀನಿ.”

“ನಂಗ್ಯಾಕೆ ಹೇಳಲಿಲ್ಲ?”

“ಏಳುದ್ರೆ ‘ಒಳ್ಳೇದಾಗ್ಲಿ’ ಅಂದ್ಬುಡ್ತೀರೇನೋ ಅಂತ ದಿಗಿಲು.”

ನಾಗಶ್ರೀ ಎದುರಿನ ಬಂಡೆ ನೋಡುತ್ತಾ ಹೇಳಿದಳು. “ಒಳ್ಳೇದಾಗೋದೇನೂ ಬೇಡ. ಇಲ್ಲೇ ಇರಿ.”

“ಯಾಕ್ ಮೇಡಂ?”

“ಹೊಟ್ಟೆಕಿಚ್ಚು. ಬೆಳಿಗ್ಗೆಯಿಂದ ಉರೀತಾ ಇದೆ. ಇನ್ನೊಂದ್ಸಲ ಮೇಡಂ ಅಂದ್ರೆ ನೋಡಿ!”

“ಆಯ್ತು, ನಾಗಶ್ರೀ. ಓಗಾಕಿಲ್ಲ.”

ಜಡೇಸ್ವಾಮಿ ಹೆಗಲ ಮೇಲಿನ ಟವೆಲ್ ತೆಗೆದು ನಡುವಿನ ಧೂಳು ಒರೆಸಿದ. ನಾಗಶ್ರೀ ಜರುಗಿ ಕೂತಳು.